ಯಂತ್ರಕ್ಕೆ ಮೊದಲ ಪಾಠ ಬರೆದ ಅಡಾ ಲವ್‌ಲೇಸ್ ದೊರೆಸಾನಿಯ ಚರಿತ್ರೆ

ಕಳೆದ ವರ್ಷದ ಪಾಲಕರ ಸಭೆಯಲ್ಲಿ ಅಫಜಲಪುರದ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರು ಎದ್ದುನಿಂತು, ತಮ್ಮ ಮಗಳು ರಜೆಯಲ್ಲಿ ಊರಿಗೆ ಬಂದಾಗ ಪೈಥಾನ್ ಎಂಬ ಯಾವದೋ ಭಾಷೆಯನ್ನು ಕಲಿಯುತ್ತಿರುವೆನೆಂದು ಹೇಳಿದಳೆಂದೂ, ಕನ್ನಡ, ಇಂಗ್ಲಿಷ್, ಹಿಂದಿ ಈ ಮೂರರ ಭಾರವೇ ಸಾಕಾಗಿರುವಾಗ ಯಂತ್ರದೊಡನೆ ಆಡುವ ನಾಲ್ಕನೆಯದೊಂದು ಭಾಷೆಯು ಹೆಣ್ಣುಮಗುವಿನ ತಲೆಗೆ ಹೆಚ್ಚಿನ ಹೊರೆಯಾಗಲಾರದೇ ಎಂದೂ ವಿನಯದಿಂದಲೇ ಕೇಳಿದರು. ಸಭೆಯಲ್ಲಿದ್ದ ಆಳಂದ, ಜೇವರ್ಗಿ ತಾಲೂಕುಗಳ ತಾಯ್ತಂದೆಗಳಲ್ಲಿ ಹಲವರು ಅಹುದೆಂಬಂತೆ ತಲೆಯಾಡಿಸಿದ್ದನ್ನು ನಾವು ಕಂಡೆವು. ಅಂದು ಹೊತ್ತು ಮೀರಿದ್ದರಿಂದ ನಾಲ್ಕು ಮಾತುಗಳಲ್ಲಿ ಉತ್ತರ ಹೇಳಿ ಮುಗಿಸಿದೆವು. ಆ ಉತ್ತರವು ಅವರಿಗೂ ಸಾಲಲಿಲ್ಲ, ನಮಗೂ ಸಾಲಲಿಲ್ಲ. ಆದಕಾರಣ ಈ ವಿದ್ಯೆಯ ಮೊದಲ ಪಾಠವನ್ನು ಬರೆದಿಟ್ಟವಳೆಂದು ಲೋಕಪ್ರಸಿದ್ಧಳಾದ ಒಬ್ಬ ಹೆಣ್ಣುಮಗಳ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ಪಾಲಕರ ಮುಂದೆಯೂ ಇಡಬೇಕೆಂದು ಮನಸ್ಸು ಮಾಡಿದ್ದೇವೆ.

ಚರಿತ್ರೆಗೆ ಕೈಹಚ್ಚುವ ಮೊದಲು, ನಮ್ಮ ಮಕ್ಕಳು ಕಲಿಯುವ ಈ ಭಾಷೆಯೆಂದರೇನೆಂಬದನ್ನು ಹೇಳುವದು ಅವಶ್ಯವು. ಇದು ಬಾಯಿಂದ ಆಡುವ ಭಾಷೆಯಲ್ಲ. ಗಣಕಯಂತ್ರಕ್ಕೆ ಮಾಡಬೇಕಾದ ಕೆಲಸವನ್ನು ಒಂದರ ಕೆಳಗೊಂದು ಸಾಲಾಗಿ ಬರೆದುಕೊಡುವ ರೀತಿಯು. ಹಾಗೆ ಬರೆದ ಸಾಲುಗಳಿಗೆ ಪ್ರೋಗ್ರಾಮ್ ಎನ್ನುವರು. ಪೈಥಾನ್ ಎಂದರೆ ಹೆಬ್ಬಾವೆಂದು ತಿಳಿದ ಕೆಲವು ತಾಯಂದಿರು ಹೆಸರಿಗೇ ಬೆದರಿದ್ದುಂಟು. ಆದರೆ ನೆದರ್ಲ್ಯಾಂಡ್ ದೇಶದ ಗೀಡೋ ವಾನ್ ರಾಸಮ್ ಎಂಬವರು 1991ರಲ್ಲಿ ಇದನ್ನು ಪ್ರಕಟಿಸಿದಾಗ ಹಾವನ್ನು ನೆನೆದು ಹೆಸರಿಡಲಿಲ್ಲ. ತಮಗೆ ಪ್ರಿಯವಾಗಿದ್ದ ಒಂದು ಹಾಸ್ಯಗಾರರ ಮೇಳದ ಹೆಸರನ್ನು ಇಟ್ಟರು. ಹೊಸಬರಿಗೆ ಸುಲಭವಾಗಿರುವದರಿಂದ ಇದನ್ನು ಈಗ ಅನೇಕ ದೇಶಗಳ ಶಾಲೆಗಳಲ್ಲಿ ಮೊದಲ ಭಾಷೆಯಾಗಿ ಕಲಿಸುತ್ತಾರೆ.

ನಮ್ಮ ಸೀಮೆಯು ತೊಗರಿಯ ಕಣಜವಾದುದರಿಂದ ನಮ್ಮ ಕೋಣೆಯ ಪಾಠವೂ ತೊಗರಿಯಿಂದಲೇ ಆರಂಭವಾಗುತ್ತದೆ. ತಂದೆಯು ಹತ್ತು ಚೀಲ ತೊಗರಿಯನ್ನು ಪೇಟೆಗೆ ಒಯ್ದಿದ್ದಾನೆ, ಚೀಲ ಚೀಲದ ತೂಕವು ಚೀಟಿಯಲ್ಲಿದೆ, ಒಟ್ಟು ಎಷ್ಟು? ಹುಡುಗಿಯು ಯಂತ್ರಕ್ಕೆ ಹೀಗೆ ಬರೆದುಕೊಡುತ್ತಾಳೆ. ಮೊದಲು ಮೊತ್ತವೆಂಬ ಹೆಸರಿನ ಒಂದು ಡಬ್ಬಿಯನ್ನಿಟ್ಟು ಅದರಲ್ಲಿ ಸೊನ್ನೆಯನ್ನು ಹಾಕು. ಬಳಿಕ ಒಂದು ಚೀಲದ ತೂಕವನ್ನು ತೆಗೆದುಕೊಂಡು ಡಬ್ಬಿಯಲ್ಲಿರುವದಕ್ಕೆ ಕೂಡಿಸು. ಚೀಲಗಳು ಮುಗಿಯುವವರೆಗೆ ಇದನ್ನೇ ಮತ್ತೆ ಮತ್ತೆ ಮಾಡು. ಮುಗಿದ ಮೇಲೆ ಡಬ್ಬಿಯಲ್ಲಿರುವದನ್ನು ತೋರಿಸು. ಸಾಲಿನ ಕ್ರಮ, ಹೆಸರುಳ್ಳ ಡಬ್ಬಿ, ಪುನರಾವರ್ತನೆ, ಇವುಗಳ ಜೊತೆಗೆ ಹೀಗಿದ್ದರೆ ಇದನ್ನು ಮಾಡು ಇಲ್ಲವಾದರೆ ಅದನ್ನು ಮಾಡು ಎಂಬ ನಿಬಂಧನೆ; ಪ್ರಾಥಮಿಕ ಪಾಠವೆಲ್ಲ ಹೆಚ್ಚುಕಡಿಮೆ ಇಷ್ಟರಲ್ಲಿಯೇ ಅಡಗಿದೆ.

ಲೆಕ್ಕವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ ಹೇಳುವದು ನಮ್ಮ ನಾಡಿಗೆ ಹೊಸದೆಂದು ಯಾರೂ ತಿಳಿಯಲಾಗದು. ನಮ್ಮ ಜಿಲ್ಲೆಯ ಸೇಡಂ ತಾಲೂಕಿನ ಮಳಖೇಡವು ರಾಷ್ಟ್ರಕೂಟರ ಮಾನ್ಯಖೇಟವಾಗಿದ್ದಾಗ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಅಂದರೆ 9ನೆಯ ಶತಮಾನದಲ್ಲಿ, ಮಹಾವೀರಾಚಾರ್ಯನೆಂಬ ಜೈನ ವಿದ್ವಾಂಸನು ಗಣಿತಸಾರಸಂಗ್ರಹವೆಂಬ ಸಂಸ್ಕೃತ ಗ್ರಂಥವನ್ನು ಬರೆದನು. ಮೊದಲು ಸೂತ್ರ, ಕೂಡಲೆ ಅಭ್ಯಾಸಕ್ಕೆ ಉದಾಹರಣೆಯ ಲೆಕ್ಕ, ಹೀಗೆ ವಿದ್ಯಾರ್ಥಿಯ ಕೈಹಿಡಿದು ನಡೆಸುವ ಗ್ರಂಥವದು. 1912ರಲ್ಲಿ ಮದ್ರಾಸಿನಲ್ಲಿ ರಂಗಾಚಾರ್ಯರು ಅದನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಮಳಖೇಡದ ಕಾಗಿಣಾ ಹೊಳೆಯು ಅಫಜಲಪುರ, ಜೇವರ್ಗಿಗಳ ಭೀಮೆಗೇ ಬಂದು ಸೇರುವದಾದ್ದರಿಂದ ಆ ಆಚಾರ್ಯನನ್ನು ನಮ್ಮವನೆನ್ನಲು ನಮಗೆ ಸಂಕೋಚವಿಲ್ಲ. ಆದರೆ ಆತನು ಬರೆದದ್ದು ಮನುಷ್ಯರಿಗಾಗಿ. ಸಾಲೊಂದು ತಪ್ಪಿದರೆ ಶಿಷ್ಯನು ತನ್ನ ಬುದ್ಧಿಯಿಂದ ತಿದ್ದಿಕೊಂಡಾನು. ಬುದ್ಧಿಯೇ ಇಲ್ಲದ, ಹೇಳಿದಷ್ಟನ್ನೇ ಮಾಡುವ ಯಂತ್ರಕ್ಕಾಗಿ ಪಾಠ ಬರೆಯುವ ಸಂಗತಿಯು ಅದಕ್ಕೆ ಸುಮಾರು ಸಾವಿರ ವರ್ಷಗಳ ತರುವಾಯ ಇಂಗ್ಲಂಡದಲ್ಲಿ ನಡೆಯಿತು.

ಅಡಾಳು 1815ನೆಯ ಇಸವಿ ಡಿಸೆಂಬರ್ 10ರಂದು ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ತಂದೆಯು ಜಗದ್ವಿಖ್ಯಾತ ಕವಿಯಾದ ಲಾರ್ಡ್ ಬೈರನ್. ತಾಯಿಯು ಆನ್ನಾಬೆಲ್ಲಾ ಮಿಲ್ಬ್ಯಾಂಕ್ ಎಂಬ ಸಿರಿವಂತರ ಮನೆಯ ವಿದ್ಯಾವತಿ. ಈ ದಾಂಪತ್ಯವು ವರ್ಷ ತುಂಬಿದ ಕೆಲವೇ ದಿನಗಳಲ್ಲಿ ಮುರಿಯಿತು. ಮಗುವಿಗೆ ಒಂದು ತಿಂಗಳಾಗಿದ್ದಾಗ, 1816ರ ಜನವರಿಯಲ್ಲಿ, ತಾಯಿಯು ಅದನ್ನೆತ್ತಿಕೊಂಡು ತವರಿಗೆ ಹೊರಟುಹೋದಳು. ಅದೇ ವರ್ಷ ಏಪ್ರಿಲ್ ತಿಂಗಳಲ್ಲಿ ಬೈರನ್ನನು ದೇಶವನ್ನು ಬಿಟ್ಟವನು ಮತ್ತೆ ಮರಳಲಿಲ್ಲ. 1824ರಲ್ಲಿ ಗ್ರೀಸ್ ದೇಶದಲ್ಲಿ ತೀರಿಕೊಂಡನು. ಎಂಟು ವರ್ಷದ ಮಗಳಿಗೆ ತಂದೆಯ ಮುಖದ ನೆನಪೇ ಇರಲಿಲ್ಲ.

ತಾಯಿಗೆ ಗಣಿತವೆಂದರೆ ಪ್ರೀತಿ. ಅದಕ್ಕಿಂತ ಹೆಚ್ಚಾಗಿ ಆಕೆಗೆ ಭಯವೊಂದಿತ್ತು: ತಂದೆಯ ಚಂಚಲ ಸ್ವಭಾವವೂ ಕಾವ್ಯದ ಹುಚ್ಚೂ ಮಗಳಲ್ಲಿ ತಲೆಯೆತ್ತಬಾರದೆಂಬದು. ಆದಕಾರಣ ಎಳೆಯ ವಯಸ್ಸಿನಲ್ಲಿಯೇ ಅಂಕಗಣಿತ, ರೇಖಾಗಣಿತ, ಭಾಷೆಗಳು, ಸಂಗೀತ ಇವುಗಳಿಗೆ ಉಪಾಧ್ಯಾಯರನ್ನು ನೇಮಿಸಿ, ದಿನದ ತಾಸುಗಳನ್ನೆಲ್ಲ ಪಾಠಗಳಿಗೆ ಹಂಚಿಟ್ಟಳು. ಪಾಠವನ್ನು ಚೆನ್ನಾಗಿ ಒಪ್ಪಿಸಿದರೆ ಬಹುಮಾನದ ಚೀಟಿಗಳು. ತಪ್ಪಿದರೆ ಆ ಚೀಟಿಗಳು ಹಿಂದಕ್ಕೆ. ಆ ಕಾಲದ ಇಂಗ್ಲಂಡದಲ್ಲಿ ಉಳ್ಳವರ ಹೆಣ್ಣುಮಕ್ಕಳಿಗೆ ಕಸೂತಿ, ಪಿಯಾನೋ, ಚಿತ್ರ ಇವಿಷ್ಟೇ ಸಾಕೆನ್ನುತ್ತಿದ್ದರು. ಯಾವ ವಿಶ್ವವಿದ್ಯಾಲಯವೂ ಹೆಣ್ಣಿಗೆ ಬಾಗಿಲು ತೆರೆದಿರಲಿಲ್ಲ. ತಾಯಿಯ ಶಿಸ್ತು ಮಿತಿಮೀರಿದ್ದಾಗಿತ್ತೆಂದು ನಮಗೆ ತೋರುತ್ತದೆ. ಆದರೂ ಆ ಶಿಸ್ತಿಲ್ಲದಿದ್ದರೆ ಈ ಚರಿತ್ರೆಯನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲವೆಂಬದೂ ಸತ್ಯವೇ.

ತಾಯಿಯು ತಡೆಯಲೆತ್ನಿಸಿದ ಕಲ್ಪನಾಶಕ್ತಿಯು ಬೇರೆ ದಾರಿಯಿಂದ ಹೊರಬಿದ್ದಿತು. ಹನ್ನೆರಡರ ವಯಸ್ಸಿನಲ್ಲಿ ಅಡಾಳಿಗೆ ಹಾರುವ ಯಂತ್ರವನ್ನು ಮಾಡಬೇಕೆಂಬ ಹಂಬಲ ಹುಟ್ಟಿತು. ಪಕ್ಷಿಗಳ ರೆಕ್ಕೆ ಹೇಗಿರುವದು, ದೇಹದ ಅಳತೆಗೆ ರೆಕ್ಕೆಯ ಅಳತೆಯೆಷ್ಟು ಎಂಬದನ್ನು ಶೋಧಿಸಿ, ಯಾವ ಸಾಮಾನಿನಿಂದ ರೆಕ್ಕೆ ಮಾಡಬಹುದೆಂದು ಯೋಚಿಸಿ, ತನ್ನ ಯೋಜನೆಗಳನ್ನು ತಾಯಿಗೆ ಪತ್ರಗಳಲ್ಲಿ ಬರೆಯುತ್ತಿದ್ದಳು. 1829ರಲ್ಲಿ ಗೊಬ್ಬರದ ತರುವಾಯ ಆಕೆಯ ಕಾಲುಗಳು ನಿಶ್ಶಕ್ತವಾಗಿ ಬಹುಕಾಲ ಹಾಸಿಗೆ ಹಿಡಿದಳು; ಎದ್ದ ಮೇಲೆಯೂ ಕೆಲವು ಕಾಲ ಊರುಗೋಲಿನ ಆಸರೆ ಬೇಕಾಯಿತು. ಓದು ಮಾತ್ರ ನಿಲ್ಲಲಿಲ್ಲ.

1833ರ ಜೂನ್ ತಿಂಗಳು, ಹದಿನೇಳರ ಹರೆಯದ ಅಡಾಳು ಲಂಡನ್ನಿನ ಒಂದು ಔತಣದಲ್ಲಿ ಚಾರ್ಲ್ಸ್ ಬ್ಯಾಬೇಜ್ ಎಂಬ ಗಣಿತಜ್ಞನನ್ನು ಕಂಡಳು. ಆಗಿನ ಹಡಗುಗಾರರೂ ಖಗೋಳಶಾಸ್ತ್ರಜ್ಞರೂ ಬಳಸುತ್ತಿದ್ದ ಲೆಕ್ಕದ ಕೋಷ್ಟಕಗಳಲ್ಲಿ ತಪ್ಪುಗಳು ತುಂಬಿದ್ದವು. ಕೈಯಿಂದ ಲೆಕ್ಕ ಹಾಕುವವನು ತಪ್ಪಿದರೂ ಅಚ್ಚುಮೊಳೆ ಜೋಡಿಸುವವನು ತಪ್ಪಿದರೂ ಹಡಗಿಗೆ ಅಪಾಯವೇ. ಇದನ್ನು ತಪ್ಪಿಸಲು ಹಲ್ಲುಚಕ್ರಗಳಿಂದ ತಾನಾಗಿ ಲೆಕ್ಕ ಮಾಡಿ ಅಚ್ಚೊತ್ತುವ ಯಂತ್ರವೊಂದನ್ನು ಬ್ಯಾಬೇಜನು ಕಲ್ಪಿಸಿ, ಸರಕಾರದ ಹಣದಿಂದ ಅದರ ಒಂದು ಭಾಗವನ್ನು ಮಾಡಿಸಿದ್ದನು. ಅಡಾಳೂ ತಾಯಿಯೂ ಅದನ್ನು ನೋಡಲು ಆತನ ಮನೆಗೆ ಹೋದರು. ಬಂದವರಲ್ಲಿ ಬಹು ಜನರು ಅದನ್ನೊಂದು ಅಚ್ಚರಿಯ ಆಟಿಕೆಯಂತೆ ಕಂಡು ಹೋಗುತ್ತಿದ್ದರು. ಈ ಹುಡುಗಿಯಾದರೋ ಅದು ಹೇಗೆ ನಡೆಯುತ್ತದೆಂಬದನ್ನು ತಿಳಿಯಹತ್ತಿದಳು. ಆ ಯಂತ್ರವು ಪೂರ್ಣವಾಗಲೇ ಇಲ್ಲ. 1842ರಲ್ಲಿ ಸರಕಾರವು ಕೈಬಿಡುವಷ್ಟರಲ್ಲಿ ಸುಮಾರು 17,000 ಪೌಂಡುಗಳು ಅದಕ್ಕಾಗಿ ವೆಚ್ಚವಾಗಿದ್ದವು.

ಆದರೆ ಅಷ್ಟರಲ್ಲಿ ಬ್ಯಾಬೇಜನ ಮನಸ್ಸು ಇನ್ನೂ ದೊಡ್ಡದಾದ ಒಂದು ಯಂತ್ರದ ಕಡೆಗೆ ತಿರುಗಿತ್ತು. 1834ರಿಂದ ಆತನು ಚಿತ್ರಿಸತೊಡಗಿದ ಈ ಯಂತ್ರಕ್ಕೆ ವಿಶ್ಲೇಷಕ ಯಂತ್ರವೆನ್ನಬಹುದು. ಇದರಲ್ಲಿ ಎರಡು ಮುಖ್ಯ ಭಾಗಗಳು: ಸಂಖ್ಯೆಗಳನ್ನು ಇಟ್ಟುಕೊಳ್ಳುವ ಉಗ್ರಾಣವೊಂದು, ಅವುಗಳನ್ನು ತಂದು ಕೂಡಿಸಿ ಕಳೆದು ಗುಣಿಸಿ ಭಾಗಿಸುವ ಗಿರಣಿಯೊಂದು. ಯಾವಾಗ ಯಾವದನ್ನು ತರಬೇಕು, ಏನು ಮಾಡಬೇಕು ಎಂಬ ಅಪ್ಪಣೆಯು ತೂತುಗಳುಳ್ಳ ರಟ್ಟುಗಳ ಮೂಲಕ ಹೋಗತಕ್ಕದ್ದು. ಈ ರಟ್ಟುಗಳ ಯುಕ್ತಿಯನ್ನು ಬ್ಯಾಬೇಜನು ಫ್ರಾನ್ಸ್ ದೇಶದ ಜಕಾರ್ಡ್ ಎಂಬವನ ಮಗ್ಗದಿಂದ ಎತ್ತಿಕೊಂಡನು. ಸೀರೆಯ ಮಗ್ಗದ ಮೇಲೆ ಕೂತಿರುವ ಜಕಾರ್ಡ್ ಪೆಟ್ಟಿಗೆಯನ್ನು ನಮ್ಮ ಪಾಲಕರಲ್ಲಿ ಕೆಲವರಾದರೂ ಕಂಡಿರಬಹುದು. ರಟ್ಟಿನಲ್ಲಿ ತೂತಿದ್ದಲ್ಲಿ ಹಾಸಿನ ಎಳೆಯು ಮೇಲೇಳುತ್ತದೆ, ಇಲ್ಲದಲ್ಲಿ ಏಳುವದಿಲ್ಲ; ಹೀಗೆ ರಟ್ಟಿನಲ್ಲಿ ಇದ್ದ ಹೂವು ಸೆರಗಿನ ಮೇಲೆ ಮೂಡುತ್ತದೆ. 1834ರಲ್ಲಿ ಅಡಾಳು ತಾಯಿಯೊಡನೆ ಇಂಗ್ಲಂಡದ ಕಾರಖಾನೆಗಳನ್ನು ಸುತ್ತಿದಾಗ ಈ ಮಗ್ಗವನ್ನು ಕಣ್ಣಾರೆ ನೋಡಿದ್ದಳು. ಮುಂದೆ ತನ್ನ ಲೇಖನದಲ್ಲಿ ಈ ಹೋಲಿಕೆಯನ್ನೇ ಮುಂದಿಟ್ಟು, ಮಗ್ಗವು ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರವು ಬೀಜಗಣಿತದ ವಿನ್ಯಾಸಗಳನ್ನು ನೇಯುವದೆಂದು ತಿಳಿಸಿದಳು.

1835ರಲ್ಲಿ ಆಕೆಯ ವಿವಾಹವು ವಿಲಿಯಂ ಕಿಂಗ್ ಎಂಬ ಶ್ರೀಮಂತನೊಡನೆ ಆಯಿತು. ಮೂರು ವರ್ಷಗಳ ತರುವಾಯ ಆತನಿಗೆ ಲವ್‌ಲೇಸ್ ಎಂಬ ಪದವಿ ದೊರೆತದ್ದರಿಂದ ಆಕೆಗೂ ಆ ಹೆಸರು ಬಂದಿತು. 1836, 1837, 1839ರಲ್ಲಿ ಮೂವರು ಮಕ್ಕಳು ಹುಟ್ಟಿದರು. ನಡುವಿನ ಮಗಳು ಮುಂದೆ ಲೇಡಿ ಆನ್ ಬ್ಲಂಟ್ ಎಂಬ ಹೆಸರಿನಿಂದ ಅರಬಸ್ತಾನದ ಮರುಭೂಮಿಯಲ್ಲಿ ಸಂಚಾರ ಮಾಡಿ, ಅರಬ್ಬಿ ಕುದುರೆಗಳನ್ನು ಸಾಕಿ ಪ್ರಸಿದ್ಧಳಾದಳು.

ಈಗ ನಾವು ಹೆಚ್ಚು ಹೊತ್ತು ನಿಲ್ಲಬೇಕಾದ ಸ್ಥಳಕ್ಕೆ ಬಂದೆವು. ಮೂರು ಮಕ್ಕಳ ತಾಯಿಯಾದ ಇಪ್ಪತ್ನಾಲ್ಕರ ಈ ದೊರೆಸಾನಿಯು 1840ರಲ್ಲಿ ಮತ್ತೆ ವಿದ್ಯಾರ್ಥಿನಿಯಾದಳು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಆಗಸ್ಟಸ್ ಡಿ ಮಾರ್ಗನ್ ಎಂಬ ಮಹಾಗಣಿತಜ್ಞನು ಹೆಚ್ಚಾಗಿ ಅಂಚೆಯ ಮೂಲಕ ಆಕೆಗೆ ಕಲಿಸಿದನು. ಈಕೆಯು ಪುಸ್ತಕದ ಭಾಗಗಳನ್ನು ಓದಿ, ತಿಳಿಯದ್ದನ್ನು ಬರೆದು ಕಳುಹಿಸುವಳು. ಆತನು ತಿದ್ದಿ ಉತ್ತರ ಬರೆಯುವನು. ಆ ಪತ್ರಗಳು ಉಳಿದುಬಂದಿವೆ. ಅವುಗಳನ್ನು ಪರೀಕ್ಷಿಸಿದವರು ಒಂದು ವಿಶೇಷವನ್ನು ಕಂಡಿದ್ದಾರೆ. ಏನೆಂದರೆ, ಈ ಮಹಾಬುದ್ಧಿವಂತೆಯು ಮೇಲಿನ ಗಣಿತವನ್ನು ಕುರಿತು ಆಳವಾದ ಪ್ರಶ್ನೆಗಳನ್ನು ಕೇಳುತ್ತಿರುವಾಗಲೇ ಬೀಜಗಣಿತದ ತೀರ ಸಣ್ಣ ಮೆಟ್ಟಿಲುಗಳಲ್ಲಿ ಮುಗ್ಗರಿಸುತ್ತಿದ್ದಳು. ಒಂದು ಅಕ್ಷರದ ಸ್ಥಳದಲ್ಲಿ ಇನ್ನೊಂದು ಬೆಲೆಯನ್ನಿಟ್ಟು ಸಮೀಕರಣವನ್ನು ಬಿಡಿಸುವಂಥ, ನಮ್ಮ ಹತ್ತನೆಯ ತರಗತಿಯ ಹುಡುಗಿಯರಿಗೂ ಪರಿಚಿತವಾದ ಕೆಲಸದಲ್ಲಿ ಆಕೆಗೆ ತೊಡಕಾಗುತ್ತಿತ್ತು. ಸೂತ್ರಗಳು ಕ್ಷಣಕ್ಕೊಂದು ರೂಪ ತಾಳುವ ಮಾಯಾವಿಗಳಂತೆ ತನ್ನನ್ನು ಮೋಸಗೊಳಿಸುತ್ತವೆಂದು ಆಕೆ ಗುರುವಿಗೆ ದೂರಿಕೊಂಡದ್ದುಂಟು. ತಿಳಿಯದ್ದನ್ನು ತಿಳಿಯಿತೆಂದು ಮಾತ್ರ ಆಕೆ ಹೇಳಲಿಲ್ಲ. ಸ್ವಲ್ಪ ಸ್ವಲ್ಪವಾಗಿ ತೊಡಕು ಬಿಡಿಸಿಕೊಳ್ಳುತ್ತ ಮುಂದೆ ಹೋದಳು. ದೊಡ್ಡ ಮನೆತನದ ದೊರೆಸಾನಿಯೊಬ್ಬಳು ಹೀಗೆ ತನ್ನ ಅಜ್ಞಾನವನ್ನು ಕಾಗದದ ಮೇಲೆ ಬರೆದು ಕಳುಹಿಸುವದು ಸಣ್ಣ ಮಾತಲ್ಲ. ನಮ್ಮ ತರಗತಿಗಳಲ್ಲಿ ಎಷ್ಟೋ ಮಕ್ಕಳು ಕೇಳಲು ನಾಚಿಯೇ ಹಿಂದೆ ಉಳಿಯುವದನ್ನು ನಾವು ದಿನಾಲು ನೋಡುತ್ತೇವೆ.

ಇತ್ತ ಬ್ಯಾಬೇಜನು 1840ರಲ್ಲಿ ಇಟಲಿಯ ಟ್ಯೂರಿನ್ ಪಟ್ಟಣಕ್ಕೆ ಹೋಗಿ ತನ್ನ ಯಂತ್ರದ ವಿಷಯವನ್ನು ಅಲ್ಲಿಯ ಪಂಡಿತರಿಗೆ ವಿವರಿಸಿದನು. ಕೇಳಿದವರಲ್ಲಿ ಒಬ್ಬನಾದ ಮೆನಾಬ್ರಿಯಾ ಎಂಬ ಇಂಜಿನಿಯರನು, ಮುಂದೆ ಇಟಲಿಯ ಪ್ರಧಾನಮಂತ್ರಿಯೂ ಆದವನು, 1842ರಲ್ಲಿ ಅದನ್ನು ಫ್ರೆಂಚ್ ಭಾಷೆಯಲ್ಲಿ ಲೇಖನವಾಗಿ ಪ್ರಕಟಿಸಿದನು. ಅಡಾಳು ಅದನ್ನು ಇಂಗ್ಲಿಷಿಗೆ ತಿರುಗಿಸಿದಳು. ಇದನ್ನು ತಿಳಿದ ಬ್ಯಾಬೇಜನು, ಇಷ್ಟು ಬಲ್ಲವಳು ಸ್ವತಂತ್ರವಾಗಿಯೇ ಏಕೆ ಬರೆಯಬಾರದೆಂದು ಕೇಳಿ, ಅನುವಾದಕ್ಕೆ ಟಿಪ್ಪಣಿಗಳನ್ನಾದರೂ ಸೇರಿಸೆಂದು ಪ್ರೇರಿಸಿದನು. ಟಿಪ್ಪಣಿಗಳು ಬೆಳೆದು ಮೂಲ ಲೇಖನದ ಸುಮಾರು ಮೂರರಷ್ಟಾದವು. 1843ರಲ್ಲಿ ಅವು ಅಚ್ಚಾದಾಗ ಬರೆದವಳ ಹೆಸರಿನ ಸ್ಥಳದಲ್ಲಿ ಎ. ಎ. ಎಲ್. ಎಂಬ ಮೂರು ಅಕ್ಷರಗಳು ಮಾತ್ರ ಇದ್ದವು.

ಏಳು ಟಿಪ್ಪಣಿಗಳಲ್ಲಿ ಕಡೆಯದು ಬಹು ಪ್ರಸಿದ್ಧವಾದದ್ದು. ಅದರಲ್ಲಿ ಆಕೆಯು ಬರ್ನೂಲಿ ಸಂಖ್ಯೆಗಳೆಂಬ ತೊಡಕಾದ ಸಂಖ್ಯೆಗಳನ್ನು ಯಂತ್ರವು ತಾನಾಗಿ ಕಂಡುಹಿಡಿಯುವ ಬಗೆಯನ್ನು ತೋರಿಸಿದಳು. ಒಂದರಿಂದ ನೂರರವರೆಗಿನ ಸಂಖ್ಯೆಗಳ ವರ್ಗಗಳನ್ನೋ ಘನಗಳನ್ನೋ ಕೂಡಿಸುವ ಸೂತ್ರಗಳಲ್ಲಿ ಈ ಸಂಖ್ಯೆಗಳು ಬರುತ್ತವೆ. ಹಿಂದಿನವು ತಿಳಿಯದೆ ಮುಂದಿನದು ಸಿಕ್ಕುವದಿಲ್ಲ. ಆಕೆಯು ಒಂದು ದೊಡ್ಡ ಪಟ್ಟಿಯನ್ನು ಮಾಡಿ 25 ಕ್ರಿಯೆಗಳನ್ನು ಸಾಲಾಗಿ ಬರೆದಳು. ಪ್ರತಿಯೊಂದು ಸಾಲಿನಲ್ಲಿ ಕ್ರಿಯೆಯು ಯಾವದು, ಉಗ್ರಾಣದ ಯಾವ ಯಾವ ಮನೆಯಿಂದ ಸಂಖ್ಯೆಯನ್ನು ತರತಕ್ಕದ್ದು, ಉತ್ತರವನ್ನು ಯಾವ ಮನೆಯಲ್ಲಿ ಇಡತಕ್ಕದ್ದು ಎಂಬದು ಸ್ಪಷ್ಟವಾಗಿದೆ. 13ರಿಂದ 23ರವರೆಗಿನ ಸಾಲುಗಳನ್ನು ಮತ್ತೆ ಮತ್ತೆ ಮಾಡಬೇಕೆಂಬ ಸೂಚನೆಯೂ ಇದೆ. ಸಾಲಿನ ಕ್ರಮ, ಹೆಸರುಳ್ಳ ಮನೆಗಳು, ಪುನರಾವರ್ತನೆ: ತೊಗರಿಯ ಚೀಲಗಳ ಲೆಕ್ಕದಲ್ಲಿ ನಮ್ಮ ಹುಡುಗಿಯರು ಬಳಸುವವೂ ಇವೇ ಅಲ್ಲವೇ. ಪೆನ್ಸಿಲಿನಿಂದ ಬರೆದ ಆ ಪಟ್ಟಿಯ ಮೇಲೆ ಮಸಿಯಿಂದ ತಿದ್ದಿ ಬರೆದುಕೊಟ್ಟವನು ಆಕೆಯ ಗಂಡನೇ ಎಂಬದನ್ನು ಇಲ್ಲಿ ಹೇಳಲು ನಮಗೆ ಸಂತೋಷವೆನಿಸುತ್ತದೆ.

ಆ ಪಟ್ಟಿಯ 4ನೆಯ ಸಾಲಿನಲ್ಲಿ ಒಂದು ತಪ್ಪಿದೆ. ಯಾವದನ್ನು ಯಾವದರಿಂದ ಭಾಗಿಸಬೇಕೋ ಅದು ತಿರುಗುಮುರುಗಾಗಿದೆ. ಬರೆಯುವಾಗ ಆಯಿತೋ ಅಚ್ಚುಕೂಟದಲ್ಲಿ ಆಯಿತೋ, ಇದ್ದಂತೆಯೇ ಯಂತ್ರಕ್ಕೆ ಕೊಟ್ಟರೆ ಉತ್ತರವು ತಪ್ಪುವದು. ಲೋಕದ ಮೊದಲ ಪ್ರೋಗ್ರಾಮೆಂದು ಹೇಳಿಸಿಕೊಂಡದ್ದರಲ್ಲಿಯೇ ಲೋಕದ ಮೊದಲ ಪ್ರೋಗ್ರಾಮಿನ ತಪ್ಪೂ ಇದೆಯೆಂದು ಈ ವಿದ್ಯೆಯವರು ವಿನೋದವಾಗಿ ಹೇಳುವದುಂಟು.

ಈ ಸಂಗತಿಯನ್ನು ಓದಿದಾಗ ನಮಗೆ ಜೇವರ್ಗಿ ಕಡೆಯ ಒಬ್ಬ ವಿದ್ಯಾರ್ಥಿನಿಯ ನೆನಪಾಗುತ್ತದೆ. ಆಕೆಯು ತೊಗರಿಯ ಲೆಕ್ಕವನ್ನು ಬರೆದು ಯಂತ್ರಕ್ಕೆ ಕೊಟ್ಟಾಗ ಹತ್ತು ಚೀಲಗಳ ಒಟ್ಟು ತೂಕವೆಂದು ಕಡೆಯ ಒಂದೇ ಚೀಲದ ತೂಕವು ಬಂದಿತು. ಪುನಃ ಮಾಡಿದಳು, ಪುನಃ ಅದೇ. ಯಂತ್ರವು ಕೆಟ್ಟಿದೆಯೆಂದು ಆಕೆ ಅಳುವದೊಂದೇ ಉಳಿದಿತ್ತು. ಉಪಾಧ್ಯಾಯಿನಿಯು ಉತ್ತರ ಹೇಳದೆ, ಯಂತ್ರದಂತೆಯೇ ನೀನೂ ಒಂದೊಂದು ಸಾಲನ್ನು ಕಾಗದದ ಮೇಲೆ ಮಾಡಿ ನೋಡೆಂದಳು. ಮೂರನೆಯ ಚೀಲಕ್ಕೆ ಬರುವಷ್ಟರಲ್ಲಿ ಹುಡುಗಿಗೆ ಹೊಳೆಯಿತು: ಡಬ್ಬಿಯಲ್ಲಿ ಸೊನ್ನೆ ಹಾಕುವ ಸಾಲನ್ನು ಪುನರಾವರ್ತನೆಯ ಒಳಗೆ ಬರೆದಿದ್ದಳು, ಆದ್ದರಿಂದ ಒಂದೊಂದು ಚೀಲಕ್ಕೂ ಡಬ್ಬಿಯು ಬರಿದಾಗುತ್ತಿತ್ತು. ಆ ಒಂದು ಸಾಲನ್ನು ಮೇಲಕ್ಕೆ ತಂದಳು, ಮೊತ್ತವು ಸರಿಬಂದಿತು. ಅಂದು ಆಕೆ ಕಲಿತದ್ದನ್ನು ಹತ್ತು ದಿನದ ಉಪನ್ಯಾಸದಿಂದಲೂ ಕಲಿಸಲು ನಮ್ಮಿಂದಾಗುತ್ತಿರಲಿಲ್ಲ.

ಅಡಾಳಿಗೆ ಈ ಕೀರ್ತಿಯು ಎಷ್ಟರಮಟ್ಟಿಗೆ ಸಲ್ಲುವದೆಂಬ ವಿಷಯದಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವುಂಟು; ಅದನ್ನು ಮುಚ್ಚಿಡುವದು ತರವಲ್ಲ. ಬ್ಯಾಬೇಜನು ಅದಕ್ಕೂ ಮೊದಲೇ ತನ್ನ ಯಂತ್ರಕ್ಕಾಗಿ ಚಿಕ್ಕ ಚಿಕ್ಕ ಕ್ರಮಗಳನ್ನು ಬರೆದುಕೊಂಡಿದ್ದನು. ಬರ್ನೂಲಿ ಲೆಕ್ಕದಲ್ಲಿಯೂ ಆತನ ನೆರವಿತ್ತು. ಆತನೇ 1864ರಲ್ಲಿ ಪ್ರಕಟಿಸಿದ ತನ್ನ ಆತ್ಮವೃತ್ತದಲ್ಲಿ, ಆ ಭಾಗದ ಬೀಜಗಣಿತವನ್ನು ತಾನು ಮಾಡಿಕೊಟ್ಟೆನೆಂದೂ, ಅದರಲ್ಲಿ ತನ್ನಿಂದಾದ ಒಂದು ದೊಡ್ಡ ತಪ್ಪನ್ನು ಆಕೆ ಕಂಡುಹಿಡಿದು ಹಿಂದಿರುಗಿಸಿದಳೆಂದೂ ತಿಳಿಸಿದ್ದಾನೆ. ನಮ್ಮ ಎಣಿಕೆಯಲ್ಲಿ ಆಕೆಯ ನಿಜವಾದ ಹಿರಿಮೆಯು ಬೇರೆ ಕಡೆಗಿದೆ. ಬ್ಯಾಬೇಜನು ತನ್ನ ಯಂತ್ರದಲ್ಲಿ ಲೆಕ್ಕವನ್ನು ಕಂಡನು. ಆಕೆಯು ಅದಕ್ಕಿಂತ ದೂರ ನೋಡಿ, ಸ್ವರಗಳ ಸಂಬಂಧವನ್ನು ಸರಿಯಾದ ಚಿಹ್ನೆಗಳಲ್ಲಿ ಬರೆದುಕೊಟ್ಟರೆ ಈ ಯಂತ್ರವು ಸಂಗೀತವನ್ನೂ ಕಟ್ಟಬಲ್ಲದೆಂದು ಬರೆದಳು. ಕೈಯೊಳಗಿನ ಫೋನಿನಲ್ಲಿ ಭಜನೆಯನ್ನು ಕೇಳುವ, ಚಿತ್ರವನ್ನು ನೋಡುವ ನಮಗೆ ಇದು ವಿಶೇಷವಾಗಿ ತೋರಲಿಕ್ಕಿಲ್ಲ. ಆದರೆ ಅದು 1843ನೆಯ ಇಸವಿಯೆಂಬದನ್ನು ಮರೆಯಬಾರದು. ಅದರೊಡನೆಯೇ, ಯಂತ್ರವು ಸ್ವತಃ ಯಾವದನ್ನೂ ಹುಟ್ಟಿಸಲಾರದು, ನಾವು ಹೇಳಬಲ್ಲಷ್ಟನ್ನು ಮಾತ್ರ ಮಾಡುವದೆಂಬ ಎಚ್ಚರಿಕೆಯನ್ನೂ ಕೊಟ್ಟಳು. 1950ರಲ್ಲಿ ಅಲನ್ ಟ್ಯೂರಿಂಗ್ ಎಂಬ ಪಂಡಿತನು ಯಂತ್ರಗಳು ಯೋಚಿಸಬಲ್ಲವೇ ಎಂದು ಬರೆದ ಪ್ರಬಂಧದಲ್ಲಿ ಆಕೆಯ ಈ ಆಕ್ಷೇಪವನ್ನೇ ಹೆಸರಿಟ್ಟು ಚರ್ಚಿಸಿದನು.

ಇನ್ನು ಆ ಅಫಜಲಪುರದ ಹಿರಿಯರ ಪ್ರಶ್ನೆಗೆ ಬರೋಣ. ಅದು ಹೊಸ ಪ್ರಶ್ನೆಯಲ್ಲ. ಟಿಪ್ಪಣಿಗಳು ಅಚ್ಚಾದ ಮರುವರ್ಷ, 1844ರ ಜನವರಿಯಲ್ಲಿ, ಗುರುವಾದ ಡಿ ಮಾರ್ಗನ್ನನು ಅಡಾಳ ತಾಯಿಗೆ ಗುಟ್ಟಾಗಿ ಪತ್ರ ಬರೆದನು. ಈಕೆಯ ಶಕ್ತಿಯು ತಾನು ಕಂಡ ಯಾವ ಹೊಸ ವಿದ್ಯಾರ್ಥಿಯಲ್ಲಿಯೂ ಕಾಣದಂಥಾದ್ದೆಂದೂ, ಗಂಡಸಾಗಿದ್ದರೆ ಸ್ವತಂತ್ರವಾಗಿ ಶೋಧಿಸುವ ಗಣಿತಜ್ಞನಾಗುತ್ತಿದ್ದಳೆಂದೂ ಆತನು ಒಪ್ಪಿದನು. ಆದರೆ ಇಂಥ ಯೋಚನೆಯ ಬಿಗಿತವನ್ನು ಹೆಂಗಸಿನ ದೇಹವು ತಾಳಲಾರದೆಂಬ ಅಂಜಿಕೆಯನ್ನೂ ತೋಡಿಕೊಂಡು, ತನ್ನ ಮೆಚ್ಚುಗೆಯನ್ನು ಶಿಷ್ಯೆಗೆ ಎಂದೂ ತಿಳಿಸಲಿಲ್ಲವೆಂದು ಬರೆದನು. ಆತನು ದುಷ್ಟನಲ್ಲ, ಸಂಕುಚಿತ ಬುದ್ಧಿಯವನೂ ಅಲ್ಲ; 1849ರಲ್ಲಿ ಲಂಡನ್ನಿನಲ್ಲಿ ಹೆಂಗಸರಿಗಾಗಿ ಕಾಲೇಜು ತೆರೆದಾಗ ಅಲ್ಲಿ ಹಣವನ್ನಪೇಕ್ಷಿಸದೆ ಪಾಠ ಹೇಳಿದವನು. ಅಂಥವನಿಗೂ ಈ ಅಂಜಿಕೆಯಿತ್ತು. ಮಗಳ ಮೇಲಿನ ಮಮತೆಯಿಂದಲೇ ನಮ್ಮ ಪಾಲಕರು ಕೇಳುತ್ತಾರೆಂಬದನ್ನು ನಾವೂ ಬಲ್ಲೆವು. ಆದರೆ ಗುರುವು ಹೇಳದೆ ಉಳಿಸಿದ ಆ ಮೆಚ್ಚುಗೆಯ ಮಾತು ಆಕೆಯ ಕಿವಿಗೆ ಬಿದ್ದಿದ್ದರೆ ಮುಂದಿನ ಎಂಟು ವರ್ಷಗಳು ಬೇರೆಯಾಗಿರುತ್ತಿದ್ದವೋ ಏನೋ ಎಂದು ನಮಗೆ ಆಗಾಗ ಅನಿಸುತ್ತದೆ. ಲಂಡನ್ ವಿಶ್ವವಿದ್ಯಾಲಯವು ಹೆಣ್ಣುಮಕ್ಕಳಿಗೆ ಪದವಿಯ ಬಾಗಿಲು ತೆರೆದದ್ದು 1878ರಲ್ಲಿ. ರಾಯಲ್ ಸೊಸೈಟಿಯೆಂಬ ವಿಜ್ಞಾನಿಗಳ ಮಹಾಸಂಘವು ಸ್ತ್ರೀಯರನ್ನು ಸದಸ್ಯರನ್ನಾಗಿ ಚುನಾಯಿಸಿದ್ದು 1945ರಲ್ಲಿ. ನಮ್ಮ ಆಳಂದ ತಾಲೂಕಿನ ಕಡಗಂಚಿಯಲ್ಲಾದರೋ 2009ರಲ್ಲಿ ಆರಂಭವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಅದರ ಬಾಗಿಲು ನಮ್ಮ ಹುಡುಗಿಯರಿಗೆ ಮೊದಲ ದಿನದಿಂದಲೇ ತೆರೆದಿದೆ.

ಕಡೆಯ ವರ್ಷಗಳ ವಿಷಯವನ್ನು ಬೇಗನೆ ಹೇಳಿ ಮುಗಿಸುವೆವು. ಟಿಪ್ಪಣಿಗಳ ತರುವಾಯ ಬ್ಯಾಬೇಜನ ಯಂತ್ರದ ವ್ಯವಹಾರವನ್ನು ತಾನೇ ನೋಡಿಕೊಳ್ಳುವೆನೆಂದು ಆಕೆ ಮುಂದೆ ಬಂದಳು, ಆತನು ಒಪ್ಪಲಿಲ್ಲ. ಸ್ನೇಹವು ಮಾತ್ರ ಉಳಿಯಿತು. ಆಕೆಗೆ ಕುದುರೆಯ ಜೂಜಿನ ಗೀಳು ಹತ್ತಿತು. 1851ರ ಡರ್ಬಿ ಪಂದ್ಯದಲ್ಲಿ ಸುಮಾರು 3,200 ಪೌಂಡುಗಳನ್ನು ಕಳೆದುಕೊಂಡಳು. ಗಂಡನ ಮನೆಯ ವಜ್ರದ ಒಡವೆಗಳನ್ನು ಗುಟ್ಟಾಗಿ ಒತ್ತೆಯಿಟ್ಟಳು. ತಾಯಿಯು ಬಿಡಿಸಿಕೊಟ್ಟರೆ ಮತ್ತೆ ಒತ್ತೆಯಿಟ್ಟಳು. ಚರಿತ್ರೆ ಬರೆಯುವವರು ಮೆಚ್ಚಿದವರ ದೋಷಗಳನ್ನು ಬಿಟ್ಟು ಬರೆಯುವದುಂಟು. ನಾವು ಹಾಗೆ ಮಾಡಲಿಲ್ಲ. ಅಷ್ಟರಲ್ಲಿ ಗರ್ಭಕೋಶದ ಅರ್ಬುದ ರೋಗವು ಆಕೆಯನ್ನು ಹಿಡಿದಿತ್ತು. ಅಂದಿನ ವೈದ್ಯರಿಗೆ ಗೊತ್ತಿದ್ದದ್ದು ರಕ್ತ ತೆಗೆಯುವದೂ ಅಫೀಮಿನ ಔಷಧ ಕೊಡುವದೂ ಮಾತ್ರ. 1852ರ ಆಗಸ್ಟದಲ್ಲಿ ಸ್ನೇಹಿತನಾದ ಕಾದಂಬರಿಕಾರ ಚಾರ್ಲ್ಸ್ ಡಿಕನ್ಸನು ಬಂದು ಹಾಸಿಗೆಯ ಬಳಿ ಕುಳಿತು, ಆಕೆ ಕೇಳಿಕೊಂಡ ಮೇರೆಗೆ, ತನ್ನ ಡೋಂಬಿ ಎಂಡ್ ಸನ್ ಎಂಬ ಕಥೆಯಲ್ಲಿ ಬಾಲಕನೊಬ್ಬನು ತೀರಿಕೊಳ್ಳುವ ಭಾಗವನ್ನು ಓದಿ ಹೇಳಿದನು. ಆ ವರ್ಷದ ನವೆಂಬರ್ 27ರಂದು ಆಕೆಯ ಪ್ರಾಣ ಹೋಯಿತು. ವಯಸ್ಸು 36, ತಂದೆಯು ತೀರಿದ್ದೂ ಅದೇ ವಯಸ್ಸಿನಲ್ಲಿ. ಆಕೆಯ ಇಚ್ಛೆಯಂತೆ ಹಕ್ನಾಲ್ ಎಂಬ ಊರಿನ ದೇವಾಲಯದಲ್ಲಿ, ತಾನು ಎಂದೂ ಅರಿಯದ ತಂದೆಯ ಪಕ್ಕದಲ್ಲಿಯೇ ಆಕೆಯನ್ನು ಹೂಳಿದರು.

ಬ್ಯಾಬೇಜನು 1871ರಲ್ಲಿ ತೀರಿದನು. ವಿಶ್ಲೇಷಕ ಯಂತ್ರವು ಕಾಗದದ ಮೇಲೆಯೇ ಉಳಿಯಿತು. ಟಿಪ್ಪಣಿಗಳನ್ನು ಬಹುಕಾಲ ಹೆಚ್ಚು ಜನ ನೆನೆಯಲಿಲ್ಲ. ವಿದ್ಯುತ್ತಿನ ಗಣಕಯಂತ್ರಗಳು ಹುಟ್ಟಿದ ಮೇಲೆ, 1953ರಲ್ಲಿ, ಅವು ಒಂದು ಗ್ರಂಥದಲ್ಲಿ ಪುನಃ ಅಚ್ಚಾದವು. 1964ರಲ್ಲಿ ಅಮೇರಿಕೆಯ ಡಾರ್ಟ್ಮತ್ ಕಾಲೇಜಿನ ಕೆಮೆನಿ, ಕರ್ಟ್ಜ್ ಎಂಬ ಇಬ್ಬರು ಅಧ್ಯಾಪಕರು ಗಣಿತ ಬಾರದ ವಿದ್ಯಾರ್ಥಿಗಳಿಗೂ ಈ ವಿದ್ಯೆ ದೊರೆಯಲೆಂದು ಬೇಸಿಕ್ ಎಂಬ ಸುಲಭ ಭಾಷೆಯನ್ನು ಮಾಡಿದರು. ಅದರ ಮರುವರ್ಷವೇ ಮೇರಿ ಕೆನೆತ್ ಕೆಲ್ಲರ್ ಎಂಬ ಕನ್ಯಾಸ್ತ್ರೀಯು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಗಣಕವಿಜ್ಞಾನದ ಡಾಕ್ಟರೇಟ್ ಪಡೆದು, ಡುಬ್ಯೂಕ್ ಪಟ್ಟಣದ ಹೆಣ್ಣುಮಕ್ಕಳ ಕಾಲೇಜಿನಲ್ಲಿ ಆ ವಿಭಾಗವನ್ನು ಕಟ್ಟಿ ಇಪ್ಪತ್ತು ವರ್ಷ ನಡೆಸಿದಳು. 1979ರಲ್ಲಿ ಅಮೇರಿಕೆಯ ರಕ್ಷಣಾ ಇಲಾಖೆಯು ತನ್ನ ಹೊಸ ಭಾಷೆಗೆ ಅಡಾ ಎಂಬ ಹೆಸರನ್ನೇ ಇಟ್ಟಿತು; 1980ರಲ್ಲಿ ಅದರ ಅಧಿಕೃತ ಪತ್ರದ ಸಂಖ್ಯೆಯಲ್ಲಿ 1815 ಎಂಬದನ್ನೂ ಸೇರಿಸಿತು. 1991ರಲ್ಲಿ ಲಂಡನ್ನಿನ ವಿಜ್ಞಾನ ವಸ್ತುಸಂಗ್ರಹಾಲಯದವರು ಬ್ಯಾಬೇಜನ ಇನ್ನೊಂದು ಯಂತ್ರವನ್ನು ಆತನ ಚಿತ್ರಗಳ ಮೇರೆಗೆ ಕಟ್ಟಿ ನಡೆಸಿ ನೋಡಿದರು. ಅದು ತಪ್ಪಿಲ್ಲದೆ ಲೆಕ್ಕ ಮಾಡಿತು.

ಬರುವ ಪಾಲಕರ ಸಭೆಯ ದಿನ ಗಣಕಯಂತ್ರದ ಕೋಣೆಯು ಬೆಳಗಿನಿಂದಲೇ ತೆರೆದಿರುವದು. ತಾಯ್ತಂದೆಗಳು ತಮ್ಮ ತೊಗರಿಯ ತೂಕದ ಚೀಟಿಗಳನ್ನು ಸಂಗಡ ತರಬೇಕೆಂದು ಬಿನ್ನವಿಸುತ್ತೇವೆ. ಒಂಬತ್ತನೆಯ ತರಗತಿಯ ಹುಡುಗಿಯರು ಅವರ ಎದುರಿಗೇ ಲೆಕ್ಕ ಹಾಕಿ ತೋರಿಸುವರು. ಅಫಜಲಪುರದ ಆ ಹಿರಿಯರಿಗೆ ಪ್ರತ್ಯೇಕವಾಗಿ ಕಾಗದ ಬರೆದಿದ್ದೇವೆ.